ಹ್ಯಾಂಡ್‌ಬ್ರೇಕೂ ನಮ್ಮತ್ತೆಯೂ

ನಾನು ಕಾರು ನಿಲ್ಲಿಸುವುದನ್ನು ನೋಡಿ ನಮ್ಮ ಬೀದಿಯವರು ನಗುತ್ತಾರೆ. ನಗಲಿ. ಶಿಕಾರಿಪುರದ ನಮ್ಮ ಬೀದಿ ರೊಟ್ಟಿ ತಟ್ಟುವ ಮಣೆಯಷ್ಟು ಸಮ. ಅಲ್ಲೊಂದು ಗೋಲಿ ಇಟ್ಟರೆ ಯಾವ ಕಡೆ ಉರುಳಬೇಕೆಂದು ತಿಳಿಯದೆ ಅಲ್ಲೇ ಕೂರುತ್ತದೆ. ಅಂಥ ಬೀದಿಯಲ್ಲೂ ನಾನು ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕಿನ ಮೇಲಿದ್ದ ಕಾಲನ್ನು ಮೆಲ್ಲಗೆ ತೆಗೆದು, ಕಾರು ಅಲುಗುತ್ತದೋ ಎಂದು ಉಸಿರು ಹಿಡಿದು ನೋಡಿ, ಆಮೇಲೆ ಗೇರು ಹಾಕಿ, ಚಕ್ರವನ್ನು ಚರಂಡಿ ಕಟ್ಟೆಯ ಕಡೆ ತಿರುಗಿಸಿ, ಇಳಿದು, ಒಂದು ಸುತ್ತು ಬಂದು ನಾಲ್ಕೂ ಟೈರು ನೋಡಿಯೇ ಮನೆಯೊಳಗೆ ಕಾಲಿಡುವುದು. "ಮೇಡಂ ಕಾರಿಗೆ ಪ್ರದಕ್ಷಿಣೆ ಹಾಕ್ತಾರ್ರೀ" ಎಂದು ಎದುರುಮನೆಯವರು ಬಂದ ನೆಂಟರಿಗೆಲ್ಲ ತೋರಿಸುತ್ತಾರೆ. ಬಸ್ಸಿನಲ್ಲಿ ಕೂತಾಗಲೂ ಅಷ್ಟೇ. ಏರಿನಲ್ಲಿ ಬಸ್ಸು ನಿಂತಿತೆಂದರೆ ನನ್ನ ಎಡಗೈ ತಾನಾಗಿ ಸೀಟಿನ ಪಕ್ಕ ತಡಕಾಡುತ್ತದೆ. ಒಮ್ಮೆ ಪಕ್ಕದವರ ಚೀಲದ ಹಿಡಿ ಸಿಕ್ಕಿ, ಅದನ್ನೇ ಬಲವಾಗಿ ಮೇಲಕ್ಕೆಳೆದು, ಬೈಸಿಕೊಂಡಿದ್ದೇನೆ.

ಹುಟ್ಟಾ ನಾನು ಇಂಥ ಜಾಗ್ರತೆಯ ಹೆಂಗಸಲ್ಲ. ತಾಳಗುಂದದ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಸೈಕಲ್ಲಿನ ಮೇಲೆ ಬೆಳೆದವಳು. ಆ ಸೈಕಲ್ಲಿನ ಬ್ರೇಕಿನ ಹಿಡಿ ಇದ್ದದ್ದು ಹಾಲಿನ ಕ್ಯಾನು ನೇತುಹಾಕುವುದಕ್ಕೆ ಎಂದೇ ನಾನು ಬಹಳ ದಿನ ತಿಳಿದುಕೊಂಡಿದ್ದೆ. ಒಳಪೆಡಲು ಬಿಟ್ಟು ಸೀಟಿಗೇರಿದ ಮೇಲೆ ನನ್ನ ಬ್ರೇಕು ಬಲಗಾಲಿನ ಹವಾಯಿ ಚಪ್ಪಲಿ. ಕೆರೆ ಏರಿಯಿಂದ ಗದ್ದೆ ಬಯಲಿಗೆ ಇಳಿಯುವಾಗ ಚಪ್ಪಲಿಯನ್ನು ಮುಂದಿನ ಟೈರಿಗೆ ಒತ್ತಿ ಹಿಡಿದರೆ ಸುಟ್ಟ ರಬ್ಬರಿನ ವಾಸನೆ ಏಳುತ್ತಿತ್ತು, ಸೈಕಲ್ಲು ಗೊಣಗುತ್ತಾ ನಿಲ್ಲುತ್ತಿತ್ತು. "ಎಲ್ಡೂ ಚಪ್ಪಲಿ ಒಟ್ಟಿಗೇ ತಂದಿದ್ದು, ಒಂದೇ ಯಾಕೆ ಸವೀತೈತೆ?" ಎಂದು ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನು ಕುಂಟುವ ಕಾಲು ಯಾವುದೆಂದು ಸಂತೆಯ ಪಂಡಿತರನ್ನು ಕೇಳಲು ಕೂಡ ಹೊರಟಿದ್ದಳು. ಒಂದು ಮಳೆಗಾಲದಲ್ಲಿ ಚಪ್ಪಲಿ ಒದ್ದೆಯಾಗಿ ಟೈರನ್ನು ಹಿಡಿಯಲೇ ಇಲ್ಲ. ನಾನು ಏರಿ ಇಳಿದು, ಬದು ಹಾರಿ, ಹೊಸದಾಗಿ ನೆಟ್ಟ ಗದ್ದೆಯಲ್ಲಿ ತಲೆ ಕೆಳಗಾಗಿ ನಾಟಿಯಾದೆ. ಎದ್ದು ಮತ್ತೆ ಸೈಕಲ್ ಹತ್ತಿದೆ. ಆ ವಯಸ್ಸಿನಲ್ಲಿ ಇಳಿಜಾರು ಅನ್ನುವುದು ದೇವರು ಪುಕ್ಕಟೆ ಕೊಟ್ಟ ಪೆಟ್ರೋಲು.

ಆಮೇಲೆ ಓದಿ ವಿಜ್ಞಾನದ ಟೀಚರಾದೆ. ಇಳಿಜಾರು, ಘರ್ಷಣೆ ಎಲ್ಲವನ್ನೂ ಬೋರ್ಡಿನ ಮೇಲೆ ಗೆರೆ ಎಳೆದು ಮಕ್ಕಳಿಗೆ ಹೇಳಿಕೊಟ್ಟೆ. ಐವತ್ತು ದಾಟಿದ ಮೇಲೆ ಸೊರಬ ತಾಲ್ಲೂಕಿನ ಶಾಲೆಗೆ ವರ್ಗವಾಯಿತು. ಕುಬಟೂರಿನಾಚೆ, ಬಸ್ಸು ತನ್ನ ಮನಸ್ಸು ಬಂದಾಗ ಬರುವ ಊರು. ಡಾಕ್ಟರೊಬ್ಬರು ಮಾರಿದ ಹಳೆಯ ಕಾರೊಂದನ್ನು ತೆಗೆದುಕೊಂಡು ಡ್ರೈವಿಂಗ್ ಕಲಿತೆ. ನಮ್ಮನೆಯವರು, ನಾಗರಾಜ, ಮಂಡಿಯಲ್ಲಿ ಗುಮಾಸ್ತರು. ಮೆಕ್ಕೆಜೋಳದ ಚೀಲಗಳ ನಡುವೆ ದಿನವಿಡೀ ಲಾರಿಗಳು ಹಿಂದೆ ಮುಂದೆ ಹೋಗುವುದನ್ನು ಕಂಡು ಅವರಿಗೆ ಚಕ್ರ ಇರುವ ಯಾವುದರ ಮೇಲೂ ನಂಬಿಕೆಯಿಲ್ಲ. ಕಾರಿನಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂರುವುದು, ಕೂತು ನನ್ನ ಪಾಲಿನ ಬ್ರೇಕನ್ನೂ ತಾವೇ ಒತ್ತುವುದು.

ಕಾರು ಹತ್ತಿದ ಮೇಲೆಯೇ ನನಗೆ ನೆಲದ ಗುಣ ತಿಳಿದದ್ದು. ಶಿಕಾರಿಪುರದ ಸುತ್ತಿನ ನೆಲ ಬಯಲುಸೀಮೆಯ ಕಡೆ ಕಾಲು ಚಾಚಿ ಮಲಗಿದೆ. ಸೊರಬದ ಕಡೆ ಹೋದ ಹಾಗೆ ಅದು ಮಗ್ಗುಲು ಬದಲಾಯಿಸಲು ಶುರುಮಾಡುತ್ತದೆ. ಒಂದು ಕೆರೆ, ಕೆರೆಗೊಂದು ಏರಿ, ಏರಿಯ ಪಕ್ಕ ದಿಬ್ಬ, ದಿಬ್ಬದ ಮೇಲೆ ಮನೆ. ಆ ಕಡೆಯವರು "ಇಲ್ಲೇ, ಮನೆ ಮುಂದೇನೇ ನಿಲ್ಸಿ" ಎಂದು ತೋರಿಸುವ ಜಾಗದಲ್ಲಿ ಆಡು ಕೂಡ ಯೋಚಿಸಿ ನಿಲ್ಲಬೇಕು.

ಇಂಥ ಊರುಗಳಿಗೆ ಹೋಗಿಬರುವ ಕಾರಿನ ಹ್ಯಾಂಡ್‌ಬ್ರೇಕೇ ಕೈಕೊಟ್ಟಿತು. ಮೊದಲು ನಾಲ್ಕೈದು ಸಲ ಕಟಕಟ ಎಂದು ಬಿಗಿಯಾಗುತ್ತಿದ್ದದ್ದು, ಬರಬರುತ್ತಾ ಕೋಲು ಪೂರಾ ಮೇಲೆ ಬಂದು ನಿಂತರೂ ಕಾರು ಮಾತ್ರ ತನ್ನ ಪಾಡಿಗೆ ಹಿಂದೆ ಸರಿಯುತ್ತಿತ್ತು. ಬಸ್ ಸ್ಟ್ಯಾಂಡಿನಾಚೆಯ ಗ್ಯಾರೇಜಿನ ಗೌಸ್ ಅವರಿಗೆ ತೋರಿಸಿದೆ. ಅವರು ಕಾರಿನ ಕೆಳಗೆ ಮಲಗಿಕೊಂಡೇ ಮಾತಾಡಿದರು.

"ಕೇಬಲ್ ಜಗ್ಗಿ ಹೋಗೇತ್ರಿ ಮೇಡಂ. ಹಿಂದಿನ ಬ್ರೇಕ್ ಶೂನೂ ಸವದಾವು. ಸಾಮಾನು ಶಿವಮೊಗ್ಗದಿಂದ ಬರಬೇಕು. ಅಲ್ಲೀತನಕ ಬಿಗಿ ಮಾಡಿ ಕೊಡ್ತೀನಿ, ಆದ್ರ ಅದನ್ನ ನಂಬಬ್ಯಾಡ್ರಿ. ಏರಿನಾಗ ನಿಲ್ಸಿದ್ರ ಗೇರ್ ಹಾಕ್ರಿ, ಗಾಲಿಗೆ ಕಲ್ಲು ಕೊಡ್ರಿ."

ಹಾಗೇ ಮಾಡುತ್ತಾ ಬಂದೆ. ಏರಿನಲ್ಲಿ ಫಸ್ಟ್ ಗೇರು, ಗಾಲಿಯ ಹಿಂದೆ ಕಲ್ಲು. ಶಾಲೆಯ ಹತ್ತಿರ ಒಳ್ಳೊಳ್ಳೆಯ ಕಲ್ಲುಗಳ ಪರಿಚಯವೂ ಆಗಿತ್ತು.

ಇನ್ನು ನಮ್ಮತ್ತೆ ಗೌರಮ್ಮ. ಅವರ ತವರು ಸೊರಬದಾಚೆಯ ಹಳ್ಳಿ. ಅಲ್ಲಿ ಅವರ ಅಣ್ಣ ತಿಮ್ಮಪ್ಪ ಮಾವ ಇದ್ದಾರೆ, ಮಕ್ಕಳು ಮೊಮ್ಮಕ್ಕಳ ತುಂಬುಮನೆ. ಅತ್ತೆಗೆ ಮಂಡಿನೋವು ಬಂದಮೇಲೆ ಬಸ್ಸಿನ ಮೊದಲ ಮೆಟ್ಟಿಲು ಬೆಟ್ಟವಾಯಿತು. ಮಾವನಿಗೆ ಕಿವಿ ಮಂದವಾಗಿ ಫೋನು ಕೆಲಸಕ್ಕೆ ಬಾರದಾಯಿತು. ಅತ್ತೆ ಫೋನಿನಲ್ಲಿ ಕಿರುಚುತ್ತಿದ್ದರು, ಆ ಕಡೆಯಿಂದ ಮಾವ "ಆಂ? ಯಾರು?" ಅನ್ನುತ್ತಿದ್ದರು. ಕೊನೆಗೆ ಮಗ ಫೋನು ಇಸಿದುಕೊಂಡು "ಅಪ್ಪ ಚೆನ್ನಾಗವ್ನೆ ಅತ್ತೆ" ಅನ್ನುತ್ತಿದ್ದ. ಇಷ್ಟೇ. ಅಣ್ಣ ತಂಗಿ ಮಾತಾಡಿ ವರ್ಷಗಳೇ ಆಗಿದ್ದವು. ಅತ್ತೆ ಈ ವಿಷಯವನ್ನು ಎಂದೂ ದೂರಿನಂತೆ ಹೇಳಿದವರಲ್ಲ. ಫೋನು ಇಟ್ಟಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂರುತ್ತಿದ್ದರು, ಅಷ್ಟೇ.

ಭತ್ತದ ಕೊಯ್ಲು ಮುಗಿದ ಒಂದು ಭಾನುವಾರ, ನಮ್ಮನೆಯವರಿಗೆ ಮಂಡಿಯಲ್ಲಿ ಕೆಲಸವಿದ್ದಾಗ, ನಾನು ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ಮದುವಣಗಿತ್ತಿಯ ಹಾಗೆ ಕೂತಿದ್ದರು. ಪ್ರತಿ ಊರು ಬಂದಾಗಲೂ ಅಲ್ಲಿಗೆ ಯಾರನ್ನು ಕೊಟ್ಟಿತ್ತು, ಅಲ್ಲಿಂದ ಯಾರನ್ನು ತಂದಿತ್ತು ಎಂದು ಹೇಳುತ್ತಿದ್ದರು.

ಮಾವನ ಮನೆ ದಿಬ್ಬದ ಮೇಲೆ. ಕೆರೆಯ ಪಕ್ಕದ ರಸ್ತೆಯಿಂದ ತಿರುಗಿದರೆ ಅಂಗಳದವರೆಗೂ ಕೆಮ್ಮಣ್ಣಿನ ನೇರ ಏರು. ಏರಿನ ಬುಡದಲ್ಲಿ ಆಗತಾನೇ ಒಟ್ಟಿದ ಹುಲ್ಲಿನ ಬಣವೆ, ಬಣವೆಯ ಹಿಂದೆ ಕೆರೆಯ ನೀರು. ಅಂಗಳದ ತುಂಬ ಭತ್ತ ಹರವಿದ್ದರಿಂದ ಕಾರನ್ನು ಮೇಲೆ ಒಯ್ಯುವಂತಿರಲಿಲ್ಲ. ಏರಿನ ನಡುವೆಯೇ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಮೇಲೆತ್ತಿದೆ, ಗೇರು ಹಾಕಿದೆ, ಎಂಜಿನ್ ಆರಿಸಿದೆ.

"ಕೂತಿರಿ ಅತ್ತೆ, ಗಾಲಿಗೊಂದು ಕಲ್ಲು ಕೊಟ್ಟು ಬರ್ತೀನಿ. ಆಮೇಲೆ ಇಳಿಸ್ತೀನಿ."

"ಹೂಂ, ಬಾ."

ಬದುವಿನ ಪಕ್ಕ ಒಳ್ಳೆಯ ಕಲ್ಲೊಂದು ಕಂಡಿತು. ಬಗ್ಗಿ ಎತ್ತಿಕೊಂಡೆ. ಬೆನ್ನ ಹಿಂದೆ ಗರಗರ ಎಂದು ಜಲ್ಲಿ ಪುಡಿಯಾಗುವ ಸದ್ದು. ತಿರುಗಿದರೆ ಕಾರು ಹೊರಟಿತ್ತು, ಹಿಂದಕ್ಕೆ. ಒಳಗೆ ಅತ್ತೆ ನೆಟ್ಟಗೆ ಕೂತು ನನ್ನನ್ನೇ ನೋಡುತ್ತಿದ್ದರು. ಮೊದಲು ನಡೆದು ಹೋದಂತೆ ಹೋಯಿತು, ಆಮೇಲೆ ಓಡಿತು.

ನಾನು ಹಿಂದೆ ಓಡಿದೆ. "ಬ್ರೇಕ್ ಒತ್ತಿ ಅತ್ತೆ! ಬ್ರೇಕ್!" ಎಂದು ಕೂಗಿದೆ, ಜೀವಮಾನದಲ್ಲಿ ಹೊಲಿಗೆ ಮಿಷನ್ನಿನ ಪೆಡಲನ್ನೂ ತುಳಿಯದ ಹೆಂಗಸಿಗೆ. ಕಾಲು ಕೆಮ್ಮಣ್ಣಿನಲ್ಲಿ ಜಾರುತ್ತಿತ್ತು. ಕಾರಿನ ಮುಖ ನನ್ನಿಂದ ದೂರವಾಗುತ್ತಲೇ ಇತ್ತು. ಅದರ ಹಿಂದೆ ಕೆರೆ ಬಿಸಿಲಿಗೆ ಹೊಳೆಯುವುದು ಕಾಣುತ್ತಿತ್ತು. ಆ ಹೊಳಪನ್ನು ನಾನು ಈಗಲೂ ಮರೆತಿಲ್ಲ.

ಕಾರು ನೇರವಾಗಿ ಹೋಗಿ ಬಣವೆಯೊಳಗೆ ಹೊಕ್ಕಿತು. ದೊಡ್ಡ ಸದ್ದೇನೂ ಆಗಲಿಲ್ಲ. ಎಮ್ಮೆ ನಿಟ್ಟುಸಿರು ಬಿಟ್ಟಂಥ ಸದ್ದು. ಬಣವೆಯ ತಲೆ ಒಂದು ಗಳಿಗೆ ಯೋಚಿಸಿ, ಜಾರಿ, ಪೂರ್ತಿ ಕಾರಿನ ಮೇಲೆ ಬಿತ್ತು.

ನಾನು ಒಂದೇ ಕೈಯಲ್ಲಿ ಹುಲ್ಲನ್ನು ಬಗೆದು ಬಾಗಿಲು ತೆಗೆದೆ. ತೆರೆದ ಕಿಟಕಿಯಿಂದ ಹುಲ್ಲು ನುಗ್ಗಿ ಅತ್ತೆಯ ಮಡಿಲು ತುಂಬಿತ್ತು, ತಲೆಯ ಮೇಲೆ ಕಿರೀಟದಂತೆ ಕೂತಿತ್ತು. ಗಾಯವೇನೂ ಇರಲಿಲ್ಲ. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು.

"ಕಲ್ಲು ಎಂತಕ್ಕೆ ತಂದ್ಯೇ? ನನಗೆ ಹೊಡಿಯಾಕಾ?"

ಏರಿನುದ್ದಕ್ಕೂ ಆ ಕಲ್ಲನ್ನು ಎದೆಗವಚಿಕೊಂಡೇ ಓಡಿಬಂದಿದ್ದೆ.

ಮನೆಯವರೆಲ್ಲ ಬಂದರು, ಊರಿನವರು ಬಂದರು. ತಿಮ್ಮಪ್ಪ ಮಾವ ಕೋಲೂರಿಕೊಂಡು ಎಲ್ಲರಿಗಿಂತ ಕೊನೆಗೆ ಬಂದು ತಂಗಿಯ ಕೆನ್ನೆ ಸವರಿದರು. ಬಣವೆ ಹಾಳಾಯಿತಲ್ಲ ಎಂದು ನಾನು ಕೈಮುಗಿದು ಜೋರಾಗಿ ಹೇಳಿದೆ. ಅದೊಂದು ಮಾತ್ರ ಅವರಿಗೆ ಹೇಗೋ ಕೇಳಿತು.

"ಹುಲ್ಲಿಗೇನವ್ವ, ಮತ್ತೆ ಒಟ್ಟಿದ್ರಾತು. ಗೌರೀನ ಎಲ್ಲಿ ಒಟ್ಟಾಕ್ಕಾಗ್ತದೆ?"

ಆದರೆ ಆ ದಿನ ಅಣ್ಣ ತಂಗಿಗೆ ಮಾತಾಡುವುದಾಗಲಿಲ್ಲ. ಮನೆತುಂಬ ಜನ. ಎಲ್ಲರೂ ಕಾರು ಹೇಗೆ ಜಾರಿತೆಂದು ಹೇಳುವವರೇ, ನೋಡದೆ ಇದ್ದವರು ಇನ್ನೂ ಜೋರಾಗಿ. ಆ ಗದ್ದಲದಲ್ಲಿ ಅತ್ತೆ "ಹೆಂಗಿದ್ದೀಯಾ ಅಣ್ಣಾ?" ಅಂದರೆ ಮಾವ "ಹೌದು, ಈ ಸಲ ಹುಲ್ಲು ಚೆನ್ನಾಗೇ ಬಂದಿತ್ತು" ಅಂದರು. ಅತ್ತೆ ನಕ್ಕು ಸೀರೆಗೆ ಅಂಟಿದ್ದ ಹುಲ್ಲು ಆರಿಸತೊಡಗಿದರು.

ಸಂಜೆ ಕಾರನ್ನು ಹುಲ್ಲಿನಿಂದ ಹೊರತೆಗೆದಾಗ ನಾನು ಒಳಗೆ ಕೂತು ಗೇರಿಗೆ ಕೈಹಾಕಿದೆ. ಕೋಲು ಸಡಿಲವಾಗಿ ಅತ್ತಿತ್ತ ಆಡಿತು. ನ್ಯೂಟ್ರಲ್. ಗೇರು ಹಾಕಿಯೇ ಇರಲಿಲ್ಲವೇ ನಾನು? ಹಾಕಿದ್ದೆ. ಹಾಕಿದ ನೆನಪು ಅಂಗೈಯಲ್ಲಿತ್ತು. ಆದರೆ ಕೋಲು ಬೇರೆಯೇ ಸಾಕ್ಷಿ ಹೇಳುತ್ತಿತ್ತು. ಮನೆಗೆ ವಾಪಸು ಓಡಿಸಿಕೊಂಡು ಬರುವಾಗ ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದರು.

ಕಾರಿನ ಹಿಂಭಾಗ ಅಷ್ಟೇನೂ ನೆಗ್ಗಿರಲಿಲ್ಲ. ನಾನು ನೆಗ್ಗಿದ್ದೆ. ಹಾಸಿಗೆಯಲ್ಲಿ ಮಲಗಿದರೂ ಕೈ ತಾನಾಗಿ ಫಸ್ಟ್ ಗೇರು ಹಾಕಿ ನೋಡುತ್ತಿತ್ತು. ತನ್ನ ಕೈ ಮಾಡಿದ ಕೆಲಸವನ್ನು ತಾನೇ ನಂಬಲಾರದವಳು ಇನ್ನೊಬ್ಬರನ್ನು ಕೂರಿಸಿಕೊಂಡು ಹೇಗೆ ಓಡಿಸಬೇಕು? ಮೂರನೇ ದಿನ ಊಟದ ಹೊತ್ತಿನಲ್ಲಿ ನಮ್ಮನೆಯವರು ತಟ್ಟೆ ನೋಡುತ್ತಾ ಹೇಳಿದರು:

"ಮಾರಿಬಿಡಾಣ ಸುಮಿತ್ರಾ. ನಮಗ್ಯಾಕೆ ಬೇಕು ಇದು? ಆ ಬಣವೆ ಅಲ್ಲಿ ಇರದೇ ಇದ್ದಿದ್ರೆ..."

"ಬಣವೆ ಇತ್ತಲ್ಲ."

"ಎಲ್ಲಾ ಕಡೆ ಬಣವೆ ಇರ್ತಾವೇನು?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ನನಗೆ ಹಟ ಬಂತು.

"ಮಾರಲ್ಲ ಕಣ್ರೀ. ರಿಪೇರಿ ಮಾಡಿಸ್ತೀನಿ. ಕಾರನ್ನೂ ಮಾಡಿಸ್ತೀನಿ, ನನ್ನನ್ನೂ ಮಾಡಿಸ್ಕೊತೀನಿ. ಅಲ್ಲೀತನಕ ಯಾರನ್ನೂ ಕೂರಿಸ್ಕೊಳ್ಳಲ್ಲ."

ಅತ್ತೆ ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದರು. ಅವರು ಎದ್ದು ಒಳಗೆ ಹೋದರು.

ಸಾಮಾನು ಬಂದ ದಿನ ನಾನು ಶಾಲೆಗೆ ರಜಾ ಹಾಕಿ ಗ್ಯಾರೇಜಿನಲ್ಲಿ ಡಬ್ಬದ ಮೇಲೆ ಕೂತೆ. "ಮನಿಗೆ ಹೋಗ್ರಿ ಮೇಡಂ, ಸಂಜಿಗೆ ಫೋನ್ ಮಾಡ್ತೀನಿ" ಎಂದರು ಗೌಸ್. ನಾನು ಹೋಗಲಿಲ್ಲ. ಹಳೆಯ ಕೇಬಲ್ಲು ಹೊರಬಂತು, ಸವೆದ ಶೂಗಳು ಹೊರಬಂದವು, ಹೊಸವು ಕೂತವು. ಗ್ಯಾರೇಜಿನ ಬಾಗಿಲಿಗೊಂದು ಸಣ್ಣ ಇಳುಕಲಿದೆ. ಅಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಕಾಲು ಬಿಟ್ಟೆ. ಗೇರು ಹಾಕದೆ, ಕಲ್ಲು ಕೊಡದೆ, ಕಾರು ಕಂಬದ ಹಾಗೆ ನಿಂತಿತು. ಗೌಸ್ ಹಿಂದಿನಿಂದ ಕೈಯಲ್ಲಿ ಒಂದು ಸಲ ಜಗ್ಗಿ ನೋಡಿದರು.

"ನಿಂತೇತ್ರಿ."

"ಇನ್ನೊಂದ್ಸಲ ಜಗ್ಗಿ."

"ಮೇಡಂ, ನನ್ನ ಸೊಂಟ ಹೋಗ್ತೇತಿ, ಕಾರು ಹೋಗಂಗಿಲ್ಲ."

ಕಾರಿನ ರಿಪೇರಿ ಅಲ್ಲಿಗಾಯಿತು. ನನ್ನದು ಉಳಿದಿತ್ತು. ಭಾನುವಾರಗಳ ಬೆಳಿಗ್ಗೆ ಊರ ಕೆರೆಯ ಏರಿಗೆ ಹತ್ತುವ ಇಳಿಜಾರಿನಲ್ಲಿ ಕಾರು ನಿಲ್ಲಿಸುವುದನ್ನು ಹೊಸದಾಗಿ ಕಲಿಯತೊಡಗಿದೆ. ಕಾಲಿನ ಬ್ರೇಕು ಒತ್ತು. ಹ್ಯಾಂಡ್‌ಬ್ರೇಕು ಎಳೆ. ನ್ಯೂಟ್ರಲ್ ಮಾಡಿ ಕಾಲು ಸಡಿಲಿಸು, ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ, ಹಿಡಿದಿದೆಯೋ ನೋಡು. ಆಮೇಲೆ ಗೇರು. ಕಾರು ಹಿಂದಕ್ಕೆ ಜಾರಿದರೂ ಬದುವಿಗೆ ಒರಗಿ ನಿಲ್ಲುವ ಹಾಗೆ ಚಕ್ರ ತಿರುಗಿಸು. ಮೊದಲ ಸಲ ಚಕ್ರ ನೆಟ್ಟಗಿದ್ದದ್ದರಿಂದಲ್ಲವೇ ಕಾರು ಕೆರೆಯ ದಾರಿ ಹಿಡಿದದ್ದು? ಒಂದೊಂದು ಕೆಲಸ ಮಾಡುವಾಗಲೂ ಅದರ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದೆ. ಕೈ ಸುಳ್ಳು ಹೇಳಬಹುದು, ಕಿವಿ ಕೇಳಿದ್ದನ್ನು ಮರೆಯುವುದಿಲ್ಲ ಎಂದು.

ನಾನೊಬ್ಬಳೇ ಹೋಗುವುದು ಬೇಡವೆಂದು ನಮ್ಮನೆಯವರೂ ಬರುತ್ತಿದ್ದರು. ಕಾರಿನೊಳಗೆ ಕೂರುತ್ತಿರಲಿಲ್ಲ. ಬಡಗಿಯ ಹತ್ತಿರ ಮರದ ಎರಡು ಬೆಣೆ ಮಾಡಿಸಿ, ಅವನ್ನು ಕಂಕುಳಲ್ಲಿಟ್ಟುಕೊಂಡು ಏರಿನ ಪಕ್ಕ ನಿಲ್ಲುತ್ತಿದ್ದರು. ಹಾಲು ಹಾಕಿ ವಾಪಸು ಬರುವವರು ಸೈಕಲ್ಲು ನಿಲ್ಲಿಸಿ "ಏನ್ರೀ ನಾಗರಾಜಣ್ಣ, ಕಾರು ಕೆಟ್ಟೇತೇನು?" ಎಂದು ಕೇಳುತ್ತಿದ್ದರು. "ಇಲ್ಲಪ್ಪ, ನಿಲ್ಸೋದು ಕಲಿಯಾಕ್ಹತ್ತೇವಿ" ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಓಡಿಸುವುದನ್ನು ಕಲಿಯುವವರನ್ನು ಜನ ನೋಡಿದ್ದಾರೆ. ನಿಲ್ಲಿಸುವುದನ್ನು ಕಲಿಯಲು ಇಂಥಾ ಶಾಲೆ ಊರಲ್ಲಿ ಯಾರೂ ಕಂಡಿರಲಿಲ್ಲ. ದಿನ ಕಳೆದ ಹಾಗೆ ನಮ್ಮನೆಯವರಿಗೂ ಅದರ ರುಚಿ ಹತ್ತಿತು. ಬಗ್ಗಿ ಟೈರನ್ನೇ ನೋಡುತ್ತಾ ನಿಂತು "ಇವತ್ತು ಕೂದಲೆಳೆಯಷ್ಟೂ ಜಾರ್ಲಿಲ್ಲ" ಎಂದು ತಮ್ಮದೇ ಸಾಧನೆಯಂತೆ ಹೇಳತೊಡಗಿದರು.

ಅಷ್ಟರಲ್ಲಿ ತಿಮ್ಮಪ್ಪ ಮಾವನ ಮಗ ಫೋನು ಮಾಡಿದ. "ಅಪ್ಪ ದಿನಾ ಕೇಳ್ತಾನೆ. ಗೌರಿ ಮಾತೇ ಆಡದೆ ಹೋದ್ಲು, ಯಾವಾಗ ಬತ್ತಾಳೆ ಅಂತ." ನಾನು ಫೋನಿಟ್ಟು ಅತ್ತೆಯ ಹತ್ತಿರ ಹೋದೆ.

"ಮುಂದಿನ ಭಾನುವಾರ ಹೋಗಾಣ ಅತ್ತೆ. ಕಾರು ಈಗ ಪೂರ್ತಿ ಸರಿಯಾಗಿದೆ."

"ನಾ ಬರಲ್ಲ."

"ಬಾಡಿಗೆ ಕಾರು ಮಾಡಿಸ್ಲಾ ಹಂಗಾದ್ರೆ?"

"ಅದೂ ಬ್ಯಾಡ."

ನನ್ನ ಡ್ರೈವಿಂಗ್ ಮೇಲೆ ಇವರಿಗೆ ನಂಬಿಕೆ ಹೋಯಿತು, ಅದನ್ನು ಬಾಯಿಬಿಟ್ಟು ಹೇಳಲಾರರು ಎಂದುಕೊಂಡೆ. ಒಂದು ವಾರ ನಾವಿಬ್ಬರೂ ಅಕ್ಕಿ ಬೇಳೆಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಒಂದು ಸಂಜೆ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಹೋಗಿ ಮೊರದ ಮುಂದೆ ಕೂತೆ. ಇವತ್ತು ಕೇಳಿಯೇ ಬಿಡುವುದೆಂದು ನಿರ್ಧರಿಸಿದ್ದೆ.

"ಅತ್ತೆ, ನನ್ ಮೇಲೆ ನಂಬಿಕೆ ಇಲ್ಲ ಅಂದ್ರೆ ಹೇಳಿಬಿಡಿ. ನನಗೇನೂ ಬೇಜಾರಿಲ್ಲ. ನಾನು ಗೇರು ಹಾಕದೆ ಇಳಿದಿದ್ದೆ ಅಂತ ಕಾಣುತ್ತೆ. ನನಗೇ ಗೊತ್ತಾಗ್ತಿಲ್ಲ."

ಅತ್ತೆಯ ಕೈ ನಿಂತಿತು.

"ನೀನು ಹಾಕಿದ್ದೆ."

"ಏನು?"

"ಆ ಕೋಲು ಮುಂದಕ್ಕಿತ್ತು. ನೀ ತಳ್ಳಿದ್ದು ನಾ ನೋಡಿದ್ದೆ." ಅವರು ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಮೊರಕ್ಕೆ ಹಾಕಿದರು. "ಕೂತು ಕೂತು ಸೊಂಟ ಮರಗಟ್ಟಿತ್ತು ಕಣೆ. ಅಣ್ಣ ಬಾಗ್ಲಿಗೆ ಬಂದ್ನೇನೋ ಅಂತ ನೋಡಾಕೆ ಸ್ವಲ್ಪ ಎದ್ದೆ. ಹಿಡ್ಕಳಾಕೆ ಅದೇ ಸಿಕ್ತು. ಜಗ್ಗಿ ಹಿಡ್ಕಂಡೆ. ಕಟ್ ಅಂತು. ಆಮೇಲೆ ನೀನು ದೂರ ದೂರ ಹೋಗ್ತಾ ಇದ್ದೆ."

ಹಿತ್ತಲಾಚೆ ಯಾರದೋ ಮನೆಯ ಕುಕ್ಕರು ಕೂಗಿತು.

"ಅಷ್ಟು ಜನದ ಮುಂದೆ ಹೇಳಾಕೆ ಬಾಯಿ ಬರಲಿಲ್ಲ. ಮುದುಕಿ ತಾನೂ ಸಾಯ್ತಿದ್ಲು, ಕಾರೂ ಮುಳುಗಿಸ್ತಿದ್ಲು ಅಂತಾರೆ ಅಂತ. ಆಮೇಲೆ ನೀನು ಏರಿ ಮೇಲೆ ಹೋಗಿ ಕಲಿಯಾಕೆ ಶುರು ಮಾಡಿದ್ಯಲ್ಲ, ಇನ್ನೂ ಬಾಯಿ ಕಟ್ಟೋಯ್ತು. ನಿನ್ ಮೇಲೆ ಅಪನಂಬಿಕೆ ಅಲ್ಲ ಸುಮಿತ್ರಾ. ನನ್ ಕೈ ಮೇಲೆ. ಅದು ಮತ್ತೆ ಏನು ಹಿಡ್ಕತದೋ ಅಂತ ಹೆದ್ರಿಕೆ."

ನನಗೆ ಸಿಟ್ಟು ಬರಬೇಕಿತ್ತು. ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ! ಆದರೆ ಬಂದದ್ದು ನಗು, ಅದರ ಬೆನ್ನಿಗೇ ಅಳು. ಹಾಕಿದ್ದೆ! ನಾನು ಗೇರು ಹಾಕಿದ್ದೆ! ನನ್ನ ಕೈ ನನಗೆ ವಾಪಸು ಸಿಕ್ಕಿತು. ಆ ಕೈಯಲ್ಲೇ ಅತ್ತೆಯ ಕೈ ಹಿಡಿದುಕೊಂಡೆ. ಅವರ ಬೆರಳುಗಳು ಅವರೆಯ ಸೊಗಡಿಗೆ ಜಿಗುಟಾಗಿದ್ದವು.

"ಗೇರು ತಪ್ಪಿದ್ರೂ ಹ್ಯಾಂಡ್‌ಬ್ರೇಕು ಹಿಡೀಬೇಕಿತ್ತು ಅತ್ತೆ. ಹಿಡೀಲಿಲ್ಲ. ಈಗ ಹಿಡಿಯುತ್ತೆ. ನಿಮಗೆ ಹಿಡ್ಕಳಾಕೆ ಬೇರೆ ಏನಾದ್ರೂ ಮಾಡಿಸಿದ್ರಾಯ್ತು."

"ಮಾಡ್ತಾರೇನೆ ಹಂಗೆಲ್ಲ?"

"ಮಾಡಿಸ್ತೀನಿ."

ಮರುದಿನವೇ ಗೌಸ್ ಹತ್ತಿರ ಹೋದೆ. ಬಾಗಿಲ ಮೇಲ್ಗಡೆ ಹಿಡಿಯಿದೆಯಲ್ಲ ಎಂದರು. ಅಷ್ಟು ಎತ್ತರಕ್ಕೆ ಅತ್ತೆಯ ತೋಳು ಏಳುವುದಿಲ್ಲ ಎಂದೆ. ಅವರು ತಾವೇ ಮುಂದಿನ ಸೀಟಿನಲ್ಲಿ ಕೂತು, ಮಂಡಿನೋವಿನ ಮುದುಕಿಯಂತೆ ನರಳುತ್ತಾ ಎದ್ದು ನೋಡಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಂದು ಗುರುತು ಮಾಡಿದರು. ಬಾಗಿಲ ಪಕ್ಕದ ಕಂಬಕ್ಕೆ, ಎದೆಮಟ್ಟದಲ್ಲಿ, ಗಟ್ಟಿಯಾದ ಕಬ್ಬಿಣದ ಹಿಡಿಯೊಂದನ್ನು ಕೂರಿಸಿಕೊಟ್ಟರು. ಅತ್ತೆ ಮನೆಯ ಮುಂದೆ ನಿಂತ ಕಾರಿನಲ್ಲಿ ಕೂತು, ಅದನ್ನು ಹಿಡಿದು ಏಳುವುದನ್ನೂ ಕೂರುವುದನ್ನೂ ರೂಢಿ ಮಾಡಿದರು. ಎದುರುಮನೆಯವರಿಗೆ ಆ ವಾರ ನೋಡಲು ನನ್ನ ಪ್ರದಕ್ಷಿಣೆಯ ಜೊತೆಗೆ ಇದೂ ಸಿಕ್ಕಿತು.

ಭಾನುವಾರ ಮೂವರೂ ಹೊರಟೆವು. ನಮ್ಮನೆಯವರು ಹಿಂದೆ, ತೊಡೆಯ ಮೇಲೆ ಎರಡು ಬೆಣೆ. ಶಿರಾಳಕೊಪ್ಪ, ಸೊರಬ ಕಳೆದು, ಕೆರೆಯ ರಸ್ತೆಯಿಂದ ತಿರುಗಿದಾಗ ಅದೇ ಕೆಮ್ಮಣ್ಣಿನ ಏರು ಕಂಡಿತು. ಬಣವೆಯನ್ನು ಮತ್ತೆ ಒಟ್ಟಿದ್ದರು, ಆದರೆ ಈ ಸಲ ಮನೆಯ ಪಕ್ಕಕ್ಕೆ. ಏರಿನ ಬುಡದಲ್ಲಿ ಈಗ ನೀರೊಂದೇ ಇತ್ತು.

"ಕೆಳಗೆ ರಸ್ತೆಯಲ್ಲೇ ನಿಲ್ಸು" ಎಂದರು ನಮ್ಮನೆಯವರು ಹಿಂದಿನಿಂದ.

ನಿಲ್ಲಿಸಬಹುದಿತ್ತು. ಆದರೆ ಅತ್ತೆಯ ಮಂಡಿ ಆ ಏರನ್ನು ಹತ್ತಲಾರದು. ಅಂಗಳದಲ್ಲಿ ಭತ್ತ ತೂರುವ ಯಂತ್ರ ಸದ್ದು ಮಾಡುತ್ತಾ ದೂಳು ಎಬ್ಬಿಸುತ್ತಿತ್ತು. ಏರಿನ ಮೇಲ್ಭಾಗದಲ್ಲಿ, ಅಂಗಳಕ್ಕೆ ಹತ್ತು ಮಾರು ಇರುವಲ್ಲಿ ನಿಲ್ಲಿಸಿದೆ. ಗಟ್ಟಿಯಾಗಿ ಹೇಳಿದೆ: "ಕಾಲು. ಕೈ. ನ್ಯೂಟ್ರಲ್. ಕಾಲು ಬಿಟ್ಟೆ." ಕಾರು ಅಲುಗಲಿಲ್ಲ. "ಗೇರು. ಚಕ್ರ ಬದುವಿನ ಕಡೆಗೆ." ಅತ್ತೆಯೂ ನನ್ನ ಜೊತೆಗೇ ಮೆಲ್ಲಗೆ ತುಟಿ ಅಲ್ಲಾಡಿಸುತ್ತಿದ್ದರು. ನಮ್ಮನೆಯವರು ಹಾರಿ ಇಳಿದು ಎರಡೂ ಹಿಂದಿನ ಗಾಲಿಗೆ ಬೆಣೆ ಕೊಟ್ಟು, ಕಾಲಿನಿಂದ ಒದ್ದು ಬಿಗಿ ಮಾಡಿದರು.

"ಇಳಿಸ್ಲಾ ಅತ್ತೆ?"

"ನೀ ಮೊದ್ಲು ಇಳಿ. ದೂರ ಹೋಗಿ ನಿಂತ್ಕ. ನಾ ನೋಡ್ತೀನಿ."

ಇಳಿದು ಬದುವಿನ ಹತ್ತಿರ ನಿಂತೆ. ಅತ್ತೆ ಕಾರಿನಲ್ಲಿ ಒಬ್ಬರೇ ಕೂತಿದ್ದರು. ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಎಡಗೈಯಿಂದ ಕಬ್ಬಿಣದ ಹಿಡಿಯನ್ನು ಹಿಡಿದು, ಎದ್ದರು. ಮತ್ತೆ ಕೂತರು. ಮತ್ತೆ ಎದ್ದರು. ಕಾರು ಎಲ್ಲಿತ್ತೋ ಅಲ್ಲೇ ಇತ್ತು.

"ಹೂಂ, ಈಗ ಬಾ" ಎಂದರು.

ಅಷ್ಟರಲ್ಲಿ ತಿಮ್ಮಪ್ಪ ಮಾವನೇ ಮಗನ ಕೈ ಹಿಡಿದು ಇಳಿದು ಬಂದುಬಿಟ್ಟಿದ್ದರು. ಯಂತ್ರದ ಸದ್ದಿನಲ್ಲಿ ಅತ್ತೆ ಏನೋ ಕೂಗಿದರು, ಮಾವ "ಆಂ?" ಅಂದರು. ಅತ್ತೆ ಮತ್ತೆ ಕೂಗಿದರು. ಮಾವ ಕಿವಿಗೆ ಕೈ ಕೊಟ್ಟು ಬಗ್ಗಿದರು. ಈ ಸಲವೂ ಹೀಗೇ ಆಗುವುದನ್ನು ನೋಡಿ ನನಗ್ಯಾಕೋ ತಡೆಯಲಾಗಲಿಲ್ಲ. ಹಿಂದಿನ ಬಾಗಿಲು ತೆಗೆದು ಮಾವನನ್ನು ಒಳಗೆ ಕೂರಿಸಿದೆ, ಅತ್ತೆಯನ್ನು ಕೈಹಿಡಿದು ಸುತ್ತ ಕರೆತಂದು ಇನ್ನೊಂದು ಪಕ್ಕ ಕೂರಿಸಿದೆ. ಕಿಟಕಿಯ ಗಾಜುಗಳನ್ನು, ಉಸಿರಾಟಕ್ಕೆ ನಾಲ್ಕು ಬೆರಳು ಸಂದು ಬಿಟ್ಟು, ಏರಿಸಿದೆ. ಬಾಗಿಲು ಹಾಕಿದೆ. ಯಂತ್ರದ ಸದ್ದು ಮುಕ್ಕಾಲು ಹೊರಗೆ ಉಳಿಯಿತು.

ಗಾಜಿನ ಸಂದಿನಿಂದ ಮಾವನ ಧ್ವನಿ ಬಂತು.

"ಕಿರುಚಬ್ಯಾಡ ಗೌರಿ. ಕೇಳ್ತದೆ. ಮೆಲ್ಲಗೆ ಹೇಳು."

ಅತ್ತೆ ಮೆಲ್ಲಗೆ ಏನೋ ಹೇಳಿದರು. ಮಾವ ತಲೆ ಅಲ್ಲಾಡಿಸಿದರು. ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಅಲ್ಲಿ ನಿಂತು ಕೇಳುವುದು ಸರಿಯೆನಿಸಲಿಲ್ಲ.

ಮನೆಯೊಳಗೆ ಎಲೆ ಹಾಕಿದ್ದರು. ನಾನು ಕೈಕಾಲು ತೊಳೆದು, ಬಾಗಿಲಿಗೆ ಬೆನ್ನು ಹಾಕಿ ಊಟಕ್ಕೆ ಕೂತೆ. ನಮ್ಮನೆಯವರಿಗೆ ಕೂರಲಾಗಲಿಲ್ಲ. ಎರಡು ತುತ್ತು ತಿಂದು ಎದ್ದು ಬಾಗಿಲಿಗೆ ಹೋಗಿ ಏರಿನ ಕಡೆ ಇಣುಕುವುದು, ಬಂದು ಕೂರುವುದು, ಮತ್ತೆ ಏಳುವುದು.

"ಅಲ್ಲೇ ಐತೆ" ಎಂದರು ಒಂದು ಸಲ ಬಂದು ಕೂರುತ್ತಾ. "ಇಬ್ರೂ ಇನ್ನೂ ಮಾತಾಡ್ತಾವ್ರೆ. ನಿನಗೆ ನೋಡ್ಬೇಕು ಅನ್ಸಲ್ವೇನೆ?"

"ಕೂತ್ಕೊಂಡು ಊಟ ಮಾಡ್ರೀ" ಎಂದೆ. ಆಮೇಲೆ ಬಡಿಸುತ್ತಿದ್ದ ಮಾವನ ಸೊಸೆಯ ಕಡೆ ಎಲೆ ಸರಿಸಿದೆ. "ನನಗಿನ್ನೊಂದು ರೊಟ್ಟಿ ಹಾಕಮ್ಮ."